ದೊಡ್ಡಮುನಿಯಮ್ಮನ ಹಣೆಯೆಲೆ ಆಟ

ಅಂಜನಮ್ಮ ಕೊಡಿಗೇಹಳ್ಳಿಯ ಪಿಳ್ಳಪ್ಪನವರ ಮನೆಗೆ ಕಿರಿಯ ಸೊಸೆಯಾಗಿ ಬಂದ ಮೊದಲ ವರ್ಷವೇ ಅವಳಿಗೆ ಆ ಆಟ ಕಲಿಸಿದರು. ಯುಗಾದಿಯ ಮಾರನೆಯ ದಿನ, ಹೊಸತೊಡಕು. ಮಧ್ಯಾಹ್ನ ಎಲ್ಲರೂ ಬಾಡಿನ ಸಾರಿನಲ್ಲಿ ಮುದ್ದೆ ನುಂಗಿ, ಹೊಟ್ಟೆ ಸವರಿಕೊಳ್ಳುತ್ತ ಹಿತ್ತಲ ಹೊಂಗೆ ಮರದ ಕೆಳಗೆ ಈಚಲು ಚಾಪೆ ಹಾಸಿ ಕೂತರು. ಅತ್ತೆ ಲಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಇಸ್ಪೀಟಿನ ಕಟ್ಟು ತೆಗೆದಾಗ ಅಂಜನಮ್ಮನಿಗೆ ಜೀವವೇ ಹಾರಿಹೋಯಿತು. ತವರಿನಲ್ಲಿ ಇಸ್ಪೀಟು ಮುಟ್ಟಿದ ಗಂಡಸಿಗೇ ಅನ್ನ ಹಾಕುತ್ತಿರಲಿಲ್ಲ. ಇಲ್ಲಿ ನೋಡಿದರೆ ಅತ್ತೆಯೇ ಎಲೆ ಕಲಸುತ್ತಿದ್ದಾರೆ!

ಪಕ್ಕದಲ್ಲಿ ಕೂತಿದ್ದ ಓರಗಿತ್ತಿ ದೊಡ್ಡಮುನಿಯಮ್ಮ, ಆ ಮನೆಯ ಹಿರೀ ಸೊಸೆ, ಅವಳ ಮಂಡಿ ತಟ್ಟಿ ನಕ್ಕಳು. "ಎದರ್ಕಬ್ಯಾಡ ಕಣೇ. ದುಡ್ಡಿಲ್ಲ ಕಾಸಿಲ್ಲ, ಉಣಸೆಬೀಜ ಅಷ್ಟೇಯ. ಎಲೆ ಬಂದೇಟ್ಗೆ ಅಣೆಗಿಡ್ಕ. ನೀನು ಮಾತ್ರ ನೋಡ್ಬ್ಯಾಡ."

ಆಟದ ಹೆಸರೇ ಹಣೆಯೆಲೆ. ಒಬ್ಬೊಬ್ಬರಿಗೆ ಒಂದೊಂದೇ ಎಲೆ. ಬೋರಲಾಗಿ ಬಂದ ಎಲೆಯನ್ನು ನೋಡದೆ ಎತ್ತಿ, ಅದರ ಮುಖ ಎದುರಿನವರಿಗೆ ಕಾಣುವಂತೆ ಹಣೆಗೆ ಹಿಡಿಯಬೇಕು. ಎಲ್ಲರ ಎಲೆಯೂ ನಿಮಗೆ ಕಾಣುತ್ತದೆ, ನಿಮ್ಮದೊಂದು ಬಿಟ್ಟು. ಸರದಿ ಬಂದಾಗ ನಡುವೆ ಬೀಜ ಇಟ್ಟರೆ ಆಟದಲ್ಲಿ ಉಳಿದಂತೆ. ಒಬ್ಬರು ಹೆಚ್ಚು ಇಟ್ಟರೆ ಉಳಿಯಬೇಕೆನ್ನುವವರೂ ಅಷ್ಟೇ ಇಡಬೇಕು. ಧೈರ್ಯ ಸಾಲದವರು "ಮಡಚ್ದೆ" ಎಂದು ಎಲೆಯನ್ನು ಬೋರಲು ಹಾಕಬೇಕು. ಮಡಚಿದ ಎಲೆಯನ್ನು ಹಿಡಿದವರೂ ನೋಡುವಂತಿಲ್ಲ, ಕಂಡವರು ಹೇಳುವಂತೆಯೂ ಇಲ್ಲ; ಅದು ಹಾಗೇ ಕಟ್ಟಿನೊಳಗೆ ಸೇರಿಹೋಗಬೇಕು. ಕೊನೆಗೆ ಉಳಿದ ಇಬ್ಬರು, ಎಲೆ ಇಳಿಸಿ ತೋರಿಸುವ ಮುಂಚೆ, ಒಬ್ಬರ ಮುಖ ಒಬ್ಬರು ನೇರವಾಗಿ ನೋಡಬೇಕು. ಆಗಲೂ ಮಡಚಬಹುದು. ಮಡಚದಿದ್ದರೆ ದೊಡ್ಡ ಎಲೆಯವರು ನಡುವಿನ ಬೀಜವನ್ನೆಲ್ಲ ಬಾಚಿಕೊಳ್ಳುತ್ತಾರೆ. ಕೈಯಲ್ಲಿ ಬೀಜ ಮುಗಿದವರು ಆಟದಿಂದ ಹೊರಗೆ.

ಇದನ್ನು ಆ ಮನೆಗೆ ತಂದವನು ಮಾವ ಪಿಳ್ಳಪ್ಪ. ಯುದ್ಧದ ಕಾಲದಲ್ಲಿ ಯಲಹಂಕದ ಕಡೆ ಡೇರೆ ಹಾಕಿದ್ದ ಸೋಲ್ಜರುಗಳಿಗೆ ಗಾಡಿಯಲ್ಲಿ ತರಕಾರಿ ಹೊಡೆಯುತ್ತಿದ್ದ ಆಸಾಮಿ. ಅವರು ಸಂಬಳವೆಲ್ಲ ಕಳೆದುಕೊಂಡು ತಲೆ ಮೇಲೆ ಕೈ ಹೊತ್ತು ಕೂರುವುದನ್ನು ನೋಡಿದ್ದರಿಂದ, ದುಡ್ಡಿನ ಮಾತು ತೆಗೆದು ಬೇರೆ ಪಣ ಇಟ್ಟ. ಹೊಸತೊಡಕಿನ ದಿನ ಕೊನೆಗೆ ಗೆದ್ದವರು ಒಂದು ಮಾತು ಹೇಳಬೇಕು. ಮುಂದಿನ ಯುಗಾದಿಯವರೆಗೆ ಮನೆಯಲ್ಲಿ ಯಾರೂ ಅದನ್ನು ಮೀರುವಂತಿಲ್ಲ. ಅದಕ್ಕೆ 'ವರ್ಷದ ಮಾತು' ಎಂದು ಹೆಸರು. ಪಿಳ್ಳಪ್ಪ ಹೋದ ಮೇಲೂ ಲಕ್ಕಮ್ಮ ಅದನ್ನು ಬಿಡಲಿಲ್ಲ. ದೇವರ ಮುಂದಿನ ದೀಪ ಒಂದು ದಿನ ತಪ್ಪಿದರೂ ತಪ್ಪೀತು, ಹಣೆಯೆಲೆ ತಪ್ಪುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಲಕ್ಕಮ್ಮ ಗಂಡನ ಆಟವನ್ನೇ ತಿದ್ದಿದ್ದಳು. ಸೋಲ್ಜರುಗಳ ಲೆಕ್ಕದಲ್ಲಿ ಎಕ್ಕವೇ ಎಲ್ಲಕ್ಕಿಂತ ದೊಡ್ಡ ಎಲೆ. ಅದನ್ನು ಕೇಳಿ ಲಕ್ಕಮ್ಮ ಸಿಡಿದೆದ್ದಿದ್ದಳಂತೆ: "ಎಕ್ಕ ದೊಡ್ಡದಾ? ಬೈಯೋರು ಮನೆ ಎಕ್ಕುಟ್ಟೋಗ ಅಂತ ಬೈತಾರೆ. ಓಗಿ ಓಗಿ ಅದನ್ನ ಅಣೆ ಮ್ಯಾಲಿಟ್ಕಂಡು ಗೆಲ್ಲದಾ?" ಇಸ್ಪೀಟಿನ ಎಕ್ಕಕ್ಕೂ ಹಾಳುಬಿದ್ದ ಮನೆಯಲ್ಲಿ ಹುಟ್ಟುವ ಎಕ್ಕದ ಗಿಡಕ್ಕೂ ಏನು ಸಂಬಂಧ ಎಂದು ಪಿಳ್ಳಪ್ಪ ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಅಂದಿನಿಂದ ಆ ಮನೆಯಲ್ಲಿ ರಾಜನೇ ದೊಡ್ಡವನು, ಎಕ್ಕ ಎಲ್ಲಕ್ಕಿಂತ ಕೀಳು. ಹೊಸತೊಡಕಿನ ದಿನ ಎಕ್ಕ ಹಿಡಿದು ತೋರಿಸಿದರೆ ವರ್ಷವಿಡೀ ಮನೆಗೆ ಕೇಡು ಎಂಬ ಹೆದರಿಕೆ ಬೇರೆ ಸೇರಿಕೊಂಡಿತು. ಅನುಮಾನ ಬಂದವರು ತೋರಿಸದೆ ಮಡಚಿಬಿಡುತ್ತಿದ್ದರು.

ಮೊದಲ ವರ್ಷ ಅಂಜನಮ್ಮ ಬೀಜವನ್ನೆಲ್ಲ ಬೇಗ ಬೇಗ ಕಳೆದುಕೊಂಡು, ಆಮೇಲೆ ದೊಡ್ಡಮುನಿಯಮ್ಮ ಆಡುವುದನ್ನೇ ಬಾಯಿ ಬಿಟ್ಟುಕೊಂಡು ನೋಡಿದಳು. ಇವಳು ಯಾರ ಎಲೆಯನ್ನೂ ನೋಡುತ್ತಿರಲಿಲ್ಲ. ತನ್ನನ್ನು ನೋಡುವವರ ಕಣ್ಣನ್ನು ನೋಡುತ್ತಿದ್ದಳು. ಅವಳ ಹಣೆಯ ಮೇಲೆ ದೊಡ್ಡ ಎಲೆ ಬಂದರೆ ಅವಳ ಗಂಡ ಲಕ್ಕಣ್ಣನ ಕಾಲಿನ ಹೆಬ್ಬೆರಳು ಆಡುತ್ತಿತ್ತು. ಸಣ್ಣದು ಬಂದರೆ ಮೈದುನ ಮುನಿಆಂಜಿನಪ್ಪ, ಎಂದರೆ ಅಂಜನಮ್ಮನ ಗಂಡ, ಬೇಕಂತಲೇ ಆಕಾಶ ನೋಡುತ್ತಿದ್ದ. ಇವೆಲ್ಲ ಅವಳು ಆಮೇಲೆ ನಗುತ್ತ ಹೇಳಿದ್ದು. ಆಟದಲ್ಲಿ ಮಾತ್ರ ಕೂತ ಕಡೆಯೇ ಕೂತು, "ನಂದು ರಾಣಿ ಕಣ್ರೋ" ಎಂದು ಎಲೆ ಇಳಿಸುತ್ತಿದ್ದಳು, ನೋಡಿದರೆ ರಾಣಿಯೇ! ಅಂಜನಮ್ಮನಿಗೆ ಮೈ ಜುಮ್ಮೆಂದಿತು. ಇವಳ ಮೈಮೇಲೆ ದೇವರು ಬರುತ್ತದೆಯೇನೋ ಎಂದು ಎರಡು ದಿನ ಅವಳ ಪಕ್ಕ ಮಲಗುವುದಕ್ಕೂ ಹಿಂಜರಿದಳು.

ಇಷ್ಟು ಶಕ್ತಿಯಿದ್ದವಳು ಗೆದ್ದು ಕೇಳುತ್ತಿದ್ದುದೇನು ಗೊತ್ತೇ? "ಈ ವರ್ಸ ಮುದಿ ಎಮ್ಮೇನ ಮಾರಂಗಿಲ್ಲ." ಇನ್ನೊಂದು ವರ್ಷ, "ಬಾವಿ ಪಕ್ಕ ಕಾಕಡ ಗಿಡ ಹಾಕ್ಬೇಕು." ಮತ್ತೊಂದು ವರ್ಷ, ಗಂಡಸರು ಉಂಡ ತಟ್ಟೆಯಲ್ಲಿ ಕೈ ತೊಳೆಯಬಾರದು. ರಾಜ್ಯ ಗೆಲ್ಲುವ ಕೈಯಲ್ಲಿ ಸೊಪ್ಪು ಕೀಳುತ್ತಾಳಲ್ಲ ಎಂದು ಅಂಜನಮ್ಮನಿಗೆ ಸಿಟ್ಟೇ ಬರುತ್ತಿತ್ತು.

ಆಟದ ಹೊರಗೂ ಅವಳು ಹಾಗೇ. ಒಮ್ಮೆ ಇಬ್ಬರೂ ಹೊಲದಲ್ಲಿ ಅವರೆಕಾಯಿ ಕೀಳುತ್ತಿದ್ದರು. ಈಗ ಸಹಕಾರನಗರದ ಮನೆಗಳು ಎದ್ದಿರುವ ಕಡೆ ಆಗೆಲ್ಲ ಹೊಲ. ದೂರದ ಬದುವಿನ ಮೇಲೆ ಅಂಜನಮ್ಮನ ತವರಿನಿಂದ ಒಬ್ಬ ಆಳು ಬರುವುದು ಕಂಡಿತು. ಅವನು ಹತ್ತಿರ ಬಂದು, ಇನ್ನೂ ತುಟಿ ಬಿಚ್ಚುವ ಮೊದಲೇ ದೊಡ್ಡಮುನಿಯಮ್ಮ ಅವನಿಗೆ ಕಣ್ಣಲ್ಲೇ ಸುಮ್ಮನಿರೆಂದು ಸನ್ನೆ ಮಾಡಿ, ಅಂಜನಮ್ಮನನ್ನು ಮನೆಗೆ ಕರೆತಂದು ಮುಂದೆ ಕೂತು ಮುದ್ದೆ ಉಣ್ಣಿಸಿದಳು. "ಇನ್ನೊಂದ್ ತುತ್ತು. ದಾರಿ ದೂರ ಐತೆ" ಎನ್ನುತ್ತಲೇ ಹೊಟ್ಟೆ ತುಂಬಿಸಿದ ಮೇಲೆ, ಅಪ್ಪ ಹೋದ ಸುದ್ದಿಯನ್ನು ತಾನೇ ಹೇಳಿದಳು. ಆ ತುತ್ತುಗಳು ಇಲ್ಲದಿದ್ದರೆ ಸಾವಿನ ಮನೆಯ ಆ ಮೂರು ದಿನ ತಾನು ನಿಲ್ಲುತ್ತಲೇ ಇರಲಿಲ್ಲ ಎಂದು ಅಂಜನಮ್ಮ ಸಾಯುವವರೆಗೂ ಹೇಳುತ್ತಿದ್ದಳು.

"ಅಕ್ಕ, ನಿಂಗೆ ಎಂಗೆ ಗೊತ್ತಾಯ್ತದೆ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

ದೊಡ್ಡಮುನಿಯಮ್ಮ ಕೆನ್ನೆ ಸವರಿಕೊಂಡಳು. ಅವಳ ಮುಖದ ತುಂಬ ಸಿಡುಬಿನ ಕುಳಿ. ಒಂದು ಹುಬ್ಬು ಅರ್ಧಕ್ಕೇ ನಿಂತಿತ್ತು. "ಚಿಕ್ಕೋಳಿದ್ದಾಗ ಅಮ್ಮ ಬಂದಿತ್ತು. ವಾಸಿ ಆದ್ಮ್ಯಾಕೆ ನಮ್ಮವ್ವ ಮನೇಲಿದ್ದ ಕನ್ನಡೀನ ಎಲ್ಲೋ ಬಚ್ಚಿಟ್ಬುಟ್ಳು, ನಾನು ನೋಡ್ಕಬಾರ್ದು ಅಂತ. ನನ್ನ ಮುಖ ಎಂಗಾಗೈತೆ ಅಂತ ನಂಗೆ ಯೋಳಿದ್ದು ಊರೋರ ಕಣ್ಣು. ಒಬ್ಬೊಬ್ಬರು ಒಂದೊಂದ್ ತರ ತಿರುಗಿಸ್ಕತಿದ್ರು. ಹೆಣ್ಣು ನೋಡಕ್ಕೆ ಬಂದೋರು ಮಜ್ಜಿಗೆ ಕುಡಿಯೋಕ್ ಮುಂಚೇನೆ ಏಳೋರು. ಅದನ್ನೇ ನೋಡ್ಕಂಡು ಬೆಳೆದೋಳಿಗೆ ಎಲೆ ಯಾವ ಲೆಕ್ಕ ಬುಡು."

ಅಂಜನಮ್ಮನಿಗೆ ನಾಚಿಕೆಯಾಯಿತು. ತಾನೂ ಮದುವೆಯ ದಿನ ಇವಳ ಮುಖ ಕಂಡು ಕಣ್ಣು ತಗ್ಗಿಸಿದ್ದಳಲ್ಲ, ಅದೂ ಇವಳಿಗೆ ಕಂಡಿತ್ತು ತಾನೆ!

"ಒಬ್ರು ಮಾತ್ರ ತಿರುಗಿಸ್ಕಳ್ಳಿಲ್ಲ" ಎಂದಳು ದೊಡ್ಡಮುನಿಯಮ್ಮ. "ಅತ್ತೆ. ಬಂದೋರು ನನ್ನ ಮುಖಾನೇ ನೆಟ್ಟಗೆ ನೋಡಿ, ರಾಗಿ ಬೀಸಕ್ಕೆ ಬತ್ತದೇನವ್ವ ಅಂದ್ರು. ಅಷ್ಟೇಯ. ಇವತ್ತಿಗೂ ಅವರ ಕಣ್ಣಾಗೆ ನಂಗೆ ಏನೂ ಕಾಣಲ್ಲ. ಆಟದಾಗೂ ಅವರೊಬ್ರದೇ ನಂಗೆ ತಿಳಿಯಾದಿಲ್ಲ."

ಅದು ನಿಜವೇ. ಲಕ್ಕಮ್ಮನ ಮುಖ ಒರಳುಕಲ್ಲಿನ ಹಾಗೆ. ಎದುರಿಗೆ ರಾಜನಿರಲಿ ಎರಡಿರಲಿ, ಒಂದು ಗೆರೆ ಅಲುಗುತ್ತಿರಲಿಲ್ಲ. ದೊಡ್ಡಮುನಿಯಮ್ಮ ಸೋತ ವರ್ಷಗಳಲ್ಲೆಲ್ಲ ಸೋತದ್ದು ಅತ್ತೆಗೇ.

ವರ್ಷಗಳು ಉರುಳಿದವು. ಅಂಜನಮ್ಮನ ಮಡಿಲು ತುಂಬಲಿಲ್ಲ. ದೊಡ್ಡಮುನಿಯಮ್ಮನಿಗೆ ಹುಟ್ಟಿದ ಎರಡೂ ಹೆಣ್ಣು. ಗಂಡು ಮಗು ಕಿರಿಯವಳ ಹೊಟ್ಟೆಯಲ್ಲಾದರೂ ಹುಟ್ಟೀತೆಂದು ಲಕ್ಕಮ್ಮ ಹೊರದ ಹರಕೆಯಿಲ್ಲ. ಕೊನೆಗೆ ಆಕೆಯ ತಾಳ್ಮೆ ಮುಗಿಯಿತು. ಐವತ್ತೊಂಬತ್ತರ ಯುಗಾದಿಯ ದಿನ, ಬೇವುಬೆಲ್ಲ ಹಂಚುತ್ತಿದ್ದ ಕೈಯನ್ನು ತಡೆದು, ಎಲ್ಲರ ಮುಂದೆ ಹೇಳಿದಳು: "ನಾಳೆ ನಾನ್ ಗೆದ್ರೆ ಅಮೃತಹಳ್ಳಿ ಹುಡುಗೀನ ಮುನಿಆಂಜಿಗೆ ತರದೇಯ. ಮಾತಾಡಿ ಬಂದಿವ್ನಿ."

"ಈಗ ಎರಡನೇದು ಆಗಂಗಿಲ್ಲ ಕಣವ್ವ. ಕಾನೂನು ಬಂದೈತೆ" ಎಂದು ಲಕ್ಕಣ್ಣ ಗೊಣಗಿದ.

"ಬರ್ಲಿ! ನಿನ್ನ ಕಾನೂನು ಬಂದು ನಂಗೆ ಮೊಮ್ಮಗನ್ನ ಎತ್ಕೊಡ್ತದಾ?"

ಮುನಿಆಂಜಿನಪ್ಪ ತಲೆ ಎತ್ತಲಿಲ್ಲ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ತಾಯಿಯ ಎದುರು ಬಾಯಿ ಇರಲಿಲ್ಲ. ಅಂಜನಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತುಬಿಟ್ಟಳು. ತನ್ನ ಚಾಪೆಯ ಮೇಲೆ ಇನ್ನೊಬ್ಬಳು ಮಲಗುತ್ತಾಳೆ. ತಾನು ಅವಳ ಮಗುವಿನ ಬಟ್ಟೆ ಒಗೆಯುತ್ತ ಬದುಕಬೇಕು, ಇಲ್ಲವೇ ಅಪ್ಪನಿಲ್ಲದ ತವರಿಗೆ ಹೋಗಿ ಅಣ್ಣನ ಹೆಂಡತಿಯ ಕೈ ಕಾಯಬೇಕು. ಹುಣಸೆಬೀಜದ ಮೇಲೆ ತನ್ನ ಬಾಳು ನಿಂತಿತಲ್ಲ ಎಂದು ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ದೊಡ್ಡಮುನಿಯಮ್ಮ ಹಿಂದೆಯೇ ಬಂದಳು. ಉರಿ ಹೊರಗೆ ಬರುತ್ತಿದ್ದ ಸೌದೆಯನ್ನು ಒಳಕ್ಕೆ ತಳ್ಳಿ ಹೊರಟುಹೋದಳು.

ಮಾರನೆಯ ದಿನ ಹೊಂಗೆ ಹೂವು ಚಾಪೆಯ ಮೇಲೆಲ್ಲ ಉದುರುತ್ತಿತ್ತು. ಯಾರೂ ನಗಲಿಲ್ಲ, ಯಾರೂ ಕಾಲೆಳೆಯಲಿಲ್ಲ. ಗಂಡಸರಿಬ್ಬರೂ ಬೇಕೆಂದೇ ಸೋತರೋ, ಹೆದರಿ ಸೋತರೋ, ಬೇಗ ಹೊರಬಿದ್ದರು. ಅಂಜನಮ್ಮನ ಬೀಜವೂ ಮುಗಿಯಿತು. ಉಳಿದವರು ಅತ್ತೆ, ಹಿರೀ ಸೊಸೆ.

ಕೊನೆಯ ಎಲೆಗಳು ಬಂದವು. ಇಬ್ಬರೂ ಹಣೆಗೆ ಹಿಡಿದರು. ಪಕ್ಕದಲ್ಲಿ ಕೂತಿದ್ದ ಅಂಜನಮ್ಮನಿಗೆ ಎರಡೂ ಕಂಡವು. ದೊಡ್ಡಮುನಿಯಮ್ಮನ ಹಣೆಯ ಮೇಲೆ ಕಲಾವರ್ ಮೂರು. ಲಕ್ಕಮ್ಮನ ಹಣೆಯ ಮೇಲೆ ಆಟೀನ್ ರಾಜ.

ರಾಜನಿಗಿಂತ ಮೇಲಿನ ಎಲೆಯೇ ಆ ಮನೆಯಲ್ಲಿರಲಿಲ್ಲ. ಮುಗಿಯಿತು. ಅಂಜನಮ್ಮ ತಡೆಯಲಾರದೆ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

ಲಕ್ಕಮ್ಮ ತನ್ನ ಮುಂದಿದ್ದ ಬೀಜವನ್ನೆಲ್ಲ ನಡುವಿಗೆ ತಳ್ಳಿದಳು. ದೊಡ್ಡಮುನಿಯಮ್ಮನೂ ತಳ್ಳಿದಳು. ಅಕ್ಕನಿಗೆ ಏನಾದರೂ ಹುಚ್ಚೇ? ರಾಜ ಕಾಣುತ್ತಿಲ್ಲವೇ? ಅಂಜನಮ್ಮ ಸೆರಗಿನ ಅಂಚಿನಿಂದ ಇಣುಕಿದಳು. ಇನ್ನು ಉಳಿದದ್ದು ಒಂದೇ, ಪಿಳ್ಳಪ್ಪನ ಕಟ್ಟಳೆ. ಒಬ್ಬರ ಮುಖ ಒಬ್ಬರು ನೋಡಬೇಕು.

ದೊಡ್ಡಮುನಿಯಮ್ಮ ಕಣ್ಣೆತ್ತಿ ಅತ್ತೆಯ ಹಣೆ ನೋಡಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಅವಳ ಮುಖದಲ್ಲಿ ಏನೋ ಹರಿದುಹೋಯಿತು. ಕಣ್ಣು ಹಣೆಯ ಮೇಲೆ ನಿಂತು, ಒಂದು ಗಳಿಗೆ ಅಗಲವಾಗಿ, ತಟ್ಟನೆ ಪಕ್ಕಕ್ಕೆ ಜಾರಿತು. ತುಟಿಯ ತುದಿ ಒಳಕ್ಕೆ ಸೇದಿತು. ಕೊರಳು ಚೂರೇ ಚೂರು ಹಿಂದೆ ಸರಿಯಿತು. ಮರುಗಳಿಗೆಯೇ, ಹಾಗೆ ಮಾಡಿದ್ದು ಕಂಡಿತೇನೋ ಎಂಬಂತೆ, ಮರುಕದ ಒಂದು ನಗು ಬಂದು ಕೂತಿತು. ಅಂಜನಮ್ಮನಿಗೆ ಆ ನೋಟ ಗೊತ್ತಿತ್ತು. ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಮದುವೆಮನೆಯಲ್ಲಿ, ಜನ ದೊಡ್ಡಮುನಿಯಮ್ಮನನ್ನು ನೋಡುತ್ತಿದ್ದುದು ಹೀಗೇ. ಹುಟ್ಟಿದ ಮೇಲೆ ತಾನು ತಿಂದ ಅಷ್ಟೂ ನೋಟಗಳನ್ನು ಅವಳು ಒಂದೇ ಸಲಕ್ಕೆ ತನ್ನ ಮುಖಕ್ಕೆ ತಂದುಕೊಂಡಿದ್ದಳು. ಹೊಸಬರು ಯಾರಾದರೂ ನೋಡಿದ್ದರೆ, ಲಕ್ಕಮ್ಮನ ಹಣೆಯ ಮೇಲಿರುವುದು ಎಕ್ಕವೇ ಸರಿ ಎಂದು ಆಣೆ ಇಡುತ್ತಿದ್ದರು. ಅಂಜನಮ್ಮನೇ ಒಂದು ಕ್ಷಣ ಕಣ್ಣುಜ್ಜಿ ರಾಜ ಇದ್ದಾನೋ ಇಲ್ಲವೋ ಎಂದು ಮತ್ತೆ ನೋಡಿದಳು.

ಲಕ್ಕಮ್ಮನ ಹುಬ್ಬು ಗಂಟಿಕ್ಕಿತು. ಆ ಮುಖ ಅಲುಗಿದ್ದನ್ನು ಅಲ್ಲಿದ್ದವರು ಮೊದಲ ಸಲ ಕಂಡರು.

"ಮಡಚ್ದೆ" ಎಂದಳು. ಎಲೆಯನ್ನು ಬೋರಲು ಹಾಕಿ, ತಾನೇ ಕಟ್ಟಿನೊಳಗೆ ತೂರಿಸಿದಳು.

ದೊಡ್ಡಮುನಿಯಮ್ಮ ಬೀಜಕ್ಕೆ ಕೈ ಹಾಕಲಿಲ್ಲ. ನೆಲ ನೋಡಿಕೊಂಡೇ ಹೇಳಿದಳು: "ಈ ವರ್ಸ ನಮ್ಮನೆಗೆ ಒಸ ಸೊಸೆ ಬರಂಗಿಲ್ಲ." ಎದ್ದು ಹೊರಟುಹೋದಳು.

ಅಂಜನಮ್ಮನಿಗೆ ಕುಣಿಯಬೇಕೆನಿಸಿತು. ಮೂರರ ಎಲೆ ಹಿಡಿದು ರಾಜನನ್ನು ಹೊಡೆದಳಲ್ಲ! ಆಟವೆಂದರೆ ಇದು, ಧೈರ್ಯವೆಂದರೆ ಇದು! ಅವಳ ಕಾಲು ಹಿಡಿಯಬೇಕೆಂದು ಹುಡುಕಿಕೊಂಡು ಓಡಿದಳು. ದೊಡ್ಡಮುನಿಯಮ್ಮ ಕೊಟ್ಟಿಗೆಯ ಹಿಂದೆ, ದನದ ನೀರಿನ ಬಾನಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಬೊಗಸೆ ಬೊಗಸೆ ನೀರು ತೆಗೆದು ಮುಖಕ್ಕೆ ಎರಚಿಕೊಳ್ಳುತ್ತಿದ್ದಳು, ನಿಲ್ಲಿಸುತ್ತಲೇ ಇರಲಿಲ್ಲ.

"ಅಕ್ಕ..."

"ಯಾರ್ನೂ ಅಂಗೆ ನೋಡಬಾರ್ದು ಅಂತಿದ್ದೆ ಕಣೇ" ಎಂದಳು, ತಿರುಗದೆ. "ಸಾಯೋಗಂಟ ಯಾರ್ನೂ ನೋಡಬಾರ್ದು ಅಂತ. ಓಗಿ ಓಗಿ ಅತ್ತೇನ ನೋಡ್ದೆ. ನನ್ನ ನೋಡಿ ಮುಖ ತಿರುಗಿಸ್ದೇ ಇದ್ದೋರು ಅವರೊಬ್ರೇಯ."

ಅಂಜನಮ್ಮನ ಕುಣಿತವೆಲ್ಲ ಅಲ್ಲೇ ಇಂಗಿತು. ತನಗಾಗಿ ಇವಳು ಕೊಟ್ಟದ್ದು ಎಂಥದ್ದು ಎಂದು ಆಗ ತಿಳಿಯಿತು. ಅಷ್ಟರಲ್ಲಿ ಹಿಂದಿನಿಂದ ಕೋಲಿನ ಸದ್ದು ಬಂತು. ಲಕ್ಕಮ್ಮ ಬಂದು ಬಾನಿಯ ಕಟ್ಟೆಯ ಮೇಲೆ ಕೂತಳು. ಇಬ್ಬರೂ ಬೆಚ್ಚಿದರು.

"ಎಕ್ಕ ಇರ್ಲಿಲ್ಲ ಅಂತ ನಂಗೊತ್ತು" ಎಂದಳು ಮುದುಕಿ.

ದೊಡ್ಡಮುನಿಯಮ್ಮ ನೀರಿಳಿಯುವ ಮುಖವನ್ನು ಎತ್ತಿದಳು.

"ಇವ್ಳು ಸೆರಗು ಮುಚ್ಕಂಡಾಗ್ಲೇ ಗೊತ್ತಾಯ್ತು" ಎಂದು ಲಕ್ಕಮ್ಮ ಅಂಜನಮ್ಮನ ಕಡೆ ಗದ್ದ ತೋರಿಸಿದಳು. "ಇವ್ಳ ಮುಖ ಓದಕ್ಕೆ ನಿನ್ನಂತೋಳೇ ಬೇಕಾ? ರಾಜನೋ ರಾಣಿನೋ, ದೊಡ್ಡದೇ ನನ್ನ ಅಣೆ ಮ್ಯಾಲಿತ್ತು. ಗೆದ್ದೆ ಅಂತ್ಲೇ ಕೂತಿದ್ದೆ."

"ಮತ್ಯಾಕ್ ಮಡಚಿದ್ರಿ ಅತ್ತೆ?" ಕೇಳಿದವಳು ಅಂಜನಮ್ಮ.

ಲಕ್ಕಮ್ಮ ಉತ್ತರವನ್ನು ಹಿರೀ ಸೊಸೆಗೇ ಕೊಟ್ಟಳು. "ಸುಳ್ಳು ಅಂತ ಗೊತ್ತಿತ್ತು ಕಣೇ. ನೀನು ಆಟಕ್ಕೆ ಮಾಡ್ತಿದೀಯ ಅಂತಾನೂ ಗೊತ್ತಿತ್ತು. ಆದ್ರೂ ನನ್ನ ಕೈಲಿ ತಡೆಯಾಕಾಗ್ಲಿಲ್ಲ. ಎಲೆ ತೆಗೆದು ಬಿಸಾಕಿದ್ರೆ ಸಾಕು ಅನ್ನಿಸ್ಬುಡ್ತು." ಕೋಲನ್ನು ಅಂಜನಮ್ಮನ ಕಡೆ ಚಾಚಿ ಮುಂದುವರಿಸಿದಳು. "ಇವ್ಳನ್ನ ನಾನು ಎಷ್ಟ್ ವರ್ಸದಿಂದ ಇಂಗೇ ನೋಡ್ತಾ ಬಂದೆ. ಉಣ್ಣೋವಾಗ, ನೀರು ಸೇದೋವಾಗ, ಹೊಟ್ಟೆ ಕಡೀಕೇ ನನ್ನ ಕಣ್ಣು. ನಿನ್ನ ನೋಡಿ ತಿರುಗಿಸ್ಕಳ್ಳದೇ ಇದ್ದೋಳು ಇವ್ಳನ್ನ ನೋಡಿ ತಿರುಗಿಸ್ಕಂಡೆ. ಆ ಅಮೃತಹಳ್ಳಿ ಮಾತು ಇನ್ನು ಈ ವರ್ಸಾನೂ ಇಲ್ಲ, ಯಾವ ವರ್ಸಾನೂ ಇಲ್ಲ."

ಅಂಜನಮ್ಮ ಕೊಟ್ಟಿಗೆಯ ಕಂಬ ಹಿಡಿದುಕೊಂಡಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಆ ಗಳಿಗೆಯಲ್ಲಿ ಅದರ ನೆನಪೂ ಇರಲಿಲ್ಲ. ಈ ಇಬ್ಬರು ಹೆಂಗಸರ ನಡುವೆ ತಾನು ನಿಂತಿದ್ದೇನೆ ಎಂಬುದೇ ಅವಳಿಗೆ ದೊಡ್ಡದಾಗಿ ಕಂಡಿತು.

ಲಕ್ಕಮ್ಮ ಬಗ್ಗಿ, ತನ್ನ ಸೆರಗಿನಿಂದ ದೊಡ್ಡಮುನಿಯಮ್ಮನ ಮುಖ ಒರೆಸಿದಳು. ಕುಳಿಗಳ ಮೇಲೆಲ್ಲ ನಿಧಾನವಾಗಿ, ಒತ್ತದೆ.

"ಆ ನೋಟ ನನ್ ಮ್ಯಾಲೆ ಬಿದ್ದಿದ್ದು ಒಂದೇ ಒಂದು ಗಳಿಗೆ" ಎಂದಳು. "ಅಷ್ಟಕ್ಕೇ ಇಂಗಾಗೋಯ್ತು. ನೀನು ಇಷ್ಟ್ ವರ್ಸ ಎಂಗ್ ತಡ್ಕಂಡೆ ಕಣೇ?"

ದೊಡ್ಡಮುನಿಯಮ್ಮ ಅತ್ತೆಯ ಸೆರಗಿನ ತುದಿಯನ್ನು ಹಿಡಿದುಕೊಂಡಳು. ಆ ಮಾತನ್ನು ಅವಳಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.